7% ಬಡ್ಡಿ ಅಂತ ಖಾತೆ ಬದಲಿಸಬೇಡಿ, ಮೊದಲು ದಂಡದ ಲೆಕ್ಕ ನೋಡಿ

ಸ್ಕಾಲರ್‌ಶಿಪ್‌ನಲ್ಲಿ ಉಳಿಸಿದ 45 ಸಾವಿರ ಇದೆ, 7% ಕೊಡುವ ಬ್ಯಾಂಕಿಗೆ ಹಾಕಲಾ ಅಂತ ಕೇಳಿದ್ದೀರಿ. 2018ರಲ್ಲಿ ನಾನೂ ಹೀಗೇ ಯೋಚಿಸಿದ್ದೆ.

ಪಿಯುಸಿ ಓದುವಾಗ ಎರಡು ಸೀಸನ್ ಬ್ಯಾಡಗಿಯ ದಲಾಲಿ ಅಂಗಡಿಯೊಂದರಲ್ಲಿ ಮೆಣಸಿನಕಾಯಿ ಚೀಲದ ಲೆಕ್ಕ ಬರೆದು 38,000 ಕೂಡಿಟ್ಟಿದ್ದೆ. ಇದ್ದ ಖಾತೆಯಲ್ಲಿ 3.5% ಬಡ್ಡಿ. ಇನ್ನೊಂದು ಬ್ಯಾಂಕು 6% ಅಂದಿತು. ವರ್ಷಕ್ಕೆ 950 ರೂಪಾಯಿ ಜಾಸ್ತಿ! ಏಪ್ರಿಲ್ ನಡುವೆ ಹಣ ಎತ್ತಿ ಅಲ್ಲಿ ಹಾಕಿದೆ. "ಹತ್ತು ಸಾವಿರ ಬ್ಯಾಲೆನ್ಸ್ ಇರ್ಬೇಕು ನೋಡ್ರಿ" ಅಂದಿದ್ದರು. ತಿಂಗಳ ಕೊನೆಗೆ ಇದ್ದರೆ ಸಾಕು ಅಂತ ನಾನೇ ಅಂದುಕೊಂಡೆ.

ಜುಲೈ 20ಕ್ಕೆ ಧಾರವಾಡದಲ್ಲಿ ಫೀಸು, ಹಾಸ್ಟೆಲ್ ಸೇರಿ 32,000 ಕಟ್ಟಿದೆ. ಉಳಿದದ್ದು 6,000. 31ಕ್ಕೆ ಸೋದರಮಾವನ ಹತ್ತಿರ 4,000 ಸಾಲ ತಂದು ಹಾಕಿದೆ, ಮರುದಿನ ತೆಗೆದು ವಾಪಸ್ ಕೊಟ್ಟೆ. ದಂಡ ಬೀಳಲಿಲ್ಲ. ಎಂಥ ಉಪಾಯ ಅಂತ ಬೀಗಿದೆ. ಆಗಸ್ಟ್‌ನಲ್ಲೂ ಅದನ್ನೇ ಮಾಡಿದೆ, ಸೆಪ್ಟೆಂಬರ್‌ನಲ್ಲೂ.

ಅಕ್ಟೋಬರ್‌ನಲ್ಲಿ ಪಾಸ್‌ಬುಕ್ ಎಂಟ್ರಿ ಮಾಡಿಸಿದರೆ ಎರಡು ಸಲ 590 ಕಡಿತ. 500 ದಂಡ, ಅದರ ಮೇಲೆ 18% ಜಿಎಸ್‌ಟಿ. ಬ್ಯಾಂಕಿನ ಮೆಸೇಜ್‌ಗಳು ಅಪ್ಪನ ಫೋನಿಗೆ ಇಂಗ್ಲಿಷಿನಲ್ಲಿ ಬಂದು ಬಿದ್ದಿದ್ದವು. ಕೌಂಟರಿನಲ್ಲಿ ಜಗಳಕ್ಕೆ ನಿಂತೆ. "ಆವರೇಜ್ ರೀ ಅದು, ಕೊನೀ ದಿನದ್ದಲ್ಲ" ಅಂದರು.

ಇದನ್ನು ಸರಿಯಾಗಿ ಕೇಳಿಸಿಕೊಳ್ಳಿ. ದಿನಾ ರಾತ್ರಿ ಖಾತೆಯಲ್ಲಿ ಎಷ್ಟಿದೆ ಅನ್ನುವುದನ್ನು ಕೂಡಿಸಿ ತಿಂಗಳ ದಿನಗಳಿಂದ ಭಾಗಿಸುತ್ತಾರೆ. ಆಗಸ್ಟ್‌ನಲ್ಲಿ ನನ್ನದು 30 ದಿನ 6,000, ಒಂದೇ ದಿನ 10,000. ಸರಾಸರಿ 6,129. ಮಾವನ ದುಡ್ಡಿನಿಂದ ಏರಿದ್ದು ಬರೀ 129 ರೂಪಾಯಿ! ಹಾಗಾದರೆ ಜುಲೈ ಹೇಗೆ ಪಾಸಾಯಿತು? ಮೊದಲ 19 ದಿನ 38,000 ಅಲ್ಲೇ ಇತ್ತಲ್ಲ, ಅದರಿಂದ. ಮಾವನ ಸಾಲ ಬೇಕೇ ಇರಲಿಲ್ಲ. ತಪ್ಪು ಉಪಾಯ ಮೊದಲ ಸಲವೇ ಫಲಿಸಿದ್ದೇ ನನ್ನನ್ನು ಕೆಡಿಸಿತು.

ಅಕ್ಟೋಬರ್‌ನದ್ದೂ ಹೋಯಿತು. ವರ್ಷದೊಳಗೆ ಖಾತೆ ಮುಚ್ಚಿದ್ದಕ್ಕೆ ಇನ್ನೊಂದು 590. ಒಟ್ಟು 2,360. ಫೀಸು ಕಟ್ಟುವವರೆಗೆ ಬಂದ ಬಡ್ಡಿ 580ರ ಹತ್ತಿರ, ಒಂದು ತಿಂಗಳ ದಂಡಕ್ಕೂ ಸಾಲದು.

ಹಾಗಾಗಿ ಯಾವ ಬ್ಯಾಂಕಿನ ಬಡ್ಡಿ ಜಾಸ್ತಿ ಅನ್ನುವ ಪ್ರಶ್ನೆಯೇ ನಿಮಗೆ ಬೇಡ. ನಮ್ಮಂಥವರ ಹಣ ಫೀಸಿನ ದಿನ ಖಾಲಿಯಾಗುವಂಥದ್ದು. ಸಣ್ಣ ಬ್ಯಾಂಕು ಅಂತ ಭಯಪಟ್ಟು ಹೇಳುತ್ತಿಲ್ಲ, ಬ್ಯಾಂಕು ಮುಳುಗಿದರೂ 5 ಲಕ್ಷದವರೆಗೆ ವಾಪಸ್ ಸಿಗುವ ಠೇವಣಿ ವಿಮೆ ಅಲ್ಲೂ ಇದೆ. ಆದರೆ ಆ 7% ಎಷ್ಟೋ ಕಡೆ ಲಕ್ಷಗಟ್ಟಲೆ ಇಟ್ಟವರ ದೊಡ್ಡ ಮೊತ್ತಕ್ಕೆ ಮಾತ್ರ. ನಿಮ್ಮ 45 ಸಾವಿರಕ್ಕೆ ಎಷ್ಟು ಅಂತ ಕೇಳಿದ್ದೀರಾ? ಇನ್ನೊಂದು ಮಾತು, ಹೊಸ ಖಾತೆ ತೆರೆಯುವ ಫಾರಂನಲ್ಲಿ ಆಧಾರ್ ಜೋಡಣೆಗೆ ಸುಮ್ನೆ ಟಿಕ್ ಹಾಕಿದರೆ ಮುಂದಿನ ಸ್ಕಾಲರ್‌ಶಿಪ್ ಅಲ್ಲಿಗೇ ಹೋಗಿಬಿಡಬಹುದು.

ನಾನಾಗಿದ್ದರೆ ತಲಾ ಹತ್ತು ಸಾವಿರದಂತೆ ಮೂರು ಎಫ್‌ಡಿ (ನಿಗದಿತ ಅವಧಿಯ ಠೇವಣಿ) ಮಾಡುತ್ತಿದ್ದೆ. ಮೂವತ್ತು ಸಾವಿರದ ಒಂದೇ ಎಫ್‌ಡಿ ಬೇಡ. ತುರ್ತು ಬಂದರೆ ಒಂದನ್ನು ಮುರಿದರೆ ಸಾಕು, ಕಡಿಮೆಯಾಗುವುದು ಅದೊಂದರ ಬಡ್ಡಿ ಮಾತ್ರ. ಉಳಿದ 15 ಸಾವಿರ ಕೈಗೆಟಕುವಂತೆ ಇರಲಿ. ಪೋಸ್ಟ್ ಆಫೀಸಿನ ಉಳಿತಾಯ ಖಾತೆಯಲ್ಲಿ 4% ಇದೆ, 500 ಇಟ್ಟರೆ ಸಾಕು. ಆದರೆ 10ನೇ ತಾರೀಕಿನಿಂದ ತಿಂಗಳ ಕೊನೆವರೆಗಿನ ಅತಿ ಕಡಿಮೆ ಬ್ಯಾಲೆನ್ಸಿಗೇ ಅಲ್ಲಿ ಬಡ್ಡಿ. ತೆಗೆಯುವುದಿದ್ದರೆ ಯಾವತ್ತು ತೆಗೆಯುತ್ತೀರಿ ನೋಡಿಕೊಳ್ಳಿ.

ಈ ವಾರವೇ ಸ್ಕಾಲರ್‌ಶಿಪ್ ಬರುವ ಖಾತೆಯ ಪಾಸ್‌ಬುಕ್ ಎಂಟ್ರಿ ಮಾಡಿಸಿ. ಬ್ಯಾಲೆನ್ಸ್ ಕಡಿಮೆ ಅಂತ ಎಲ್ಲಾದರೂ ದಂಡ ಹಾಕಿದ್ದರೆ, ಅದನ್ನು ಮಿನಿಮಮ್ ಬ್ಯಾಲೆನ್ಸ್ ಬೇಡದ ಬೇಸಿಕ್ ಖಾತೆಯಾಗಿ ಬದಲಿಸಿಕೊಡಿ ಅಂತ ಬರೆದು ಕೊಡಿ. ಬಾಯಲ್ಲಿ ಹೇಳಿ ಬರಬೇಡಿ.