ಲಾಲಿಬೆಲಾದ ಸಂತ ಜಾರ್ಜ್ ಚರ್ಚ್ ನೆಲದ ಕೆಳಗೆ ಇರುವುದೇಕೆ? ಅದಕ್ಕೆ ಆ ಸಂತನ ಹೆಸರು ಹೇಗೆ ಬಂತು?

ಅದನ್ನು ಕಟ್ಟಲಿಲ್ಲ, ಕೆತ್ತಿದರು. ಅದೂ ಮೇಲಿನಿಂದ ಕೆಳಕ್ಕೆ. ಹಾಗಾಗಿ ಅದರ ಚಾವಣಿಯೇ ಸುತ್ತಲಿನ ನೆಲದ ಮಟ್ಟದಲ್ಲಿದೆ.

ಉತ್ತರ ಇಥಿಯೋಪಿಯಾದ ಈ ಊರಿನ ನೆಲ ಜ್ವಾಲಾಮುಖಿಯಿಂದ ಉಂಟಾದ ಕೆಂಪು ಕಲ್ಲು. ಕುಶಲಕರ್ಮಿಗಳು ಮೊದಲು ಸುತ್ತಲೂ ಆಳವಾದ ಕಂದಕ ತೋಡಿ ನಡುವೆ ಒಂದು ಇಡೀ ಬಂಡೆಯನ್ನು ಉಳಿಸಿಕೊಂಡರು. ಆಮೇಲೆ ಅದನ್ನು ಶಿಲುಬೆಯಾಕಾರಕ್ಕೆ ತಂದು, ಬಾಗಿಲು ಕಿಟಕಿ ಕೊರೆದು, ಒಳಗಿನ ಕಲ್ಲನ್ನು ತೆಗೆದು ಟೊಳ್ಳಾಗಿಸಿದರು. ಎಲ್ಲೋರದ ಕೈಲಾಸ ದೇವಾಲಯವನ್ನು ನಮ್ಮ ರಾಷ್ಟ್ರಕೂಟರು ಕೆತ್ತಿಸಿದ್ದೂ ಹೀಗೆ ಮೇಲಿನಿಂದಲೇ. ಈ ಕ್ರಮದಲ್ಲಿ ಗೋಡೆ, ಚಾವಣಿ ಎಲ್ಲವೂ ಒಂದೇ ಕಲ್ಲು, ಗಾರೆಯ ಮಾತೇ ಇಲ್ಲ. ಆದರೆ ಹೆಚ್ಚು ಕೆತ್ತಿದ್ದನ್ನು ಮತ್ತೆ ಅಂಟಿಸುವಂತಿಲ್ಲ. ಅಷ್ಟು ನಿಖರತೆ ಬೇಕು. ಸುಮಾರು ಹನ್ನೆರಡು ಮೀಟರ್ ಎತ್ತರದ ಈ ಚರ್ಚಿನ ಚಾವಣಿಯ ಮೇಲೆ ಒಂದರೊಳಗೊಂದು ಶಿಲುಬೆಗಳನ್ನು ಕೆತ್ತಿದ್ದಾರೆ. ಮೇಲಿಂದ ನೋಡಿದವರಿಗೆ ಮೊದಲು ಕಾಣುವುದು ಅದೇ.

ಇನ್ನು ಹೆಸರಿನ ವಿಚಾರ. ಇಲ್ಲಿನ ಹನ್ನೊಂದು ಚರ್ಚುಗಳನ್ನು ಸಂಪ್ರದಾಯವು 12-13ನೇ ಶತಮಾನದ ಜಾಗ್ವೆ ವಂಶದ ಅರಸ ಲಾಲಿಬೆಲಾನ ಹೆಸರಿಗೆ ಸೇರಿಸುತ್ತದೆ. ಉಳಿದವು ಮುಗಿಯುತ್ತಿದ್ದಾಗ ಸಂತ ಜಾರ್ಜ್ ಕುದುರೆಯೇರಿ ಬಂದು, ತನಗೊಂದು ಚರ್ಚೂ ಇಲ್ಲವೇ ಎಂದು ಆಕ್ಷೇಪಿಸಿದನಂತೆ. ಅರಸ ಎಲ್ಲಕ್ಕಿಂತ ಚೆಲುವಾದುದನ್ನೇ ಮಾಡಿಸುವೆನೆಂದು ಮಾತು ಕೊಟ್ಟನಂತೆ. ಇದು ಐತಿಹ್ಯ, ಇತಿಹಾಸವಲ್ಲ. ಆದರೂ ಆ ಕುದುರೆಯ ಗೊರಸಿನ ಗುರುತುಗಳೆಂದು ಕೆಲವು ಕುಳಿಗಳನ್ನು ಅಲ್ಲಿ ಇಂದಿಗೂ ತೋರಿಸುತ್ತಾರೆ. ಘಟಸರ್ಪವನ್ನು ಕೊಂದ ಯೋಧನೆಂದು ಹೆಸರಾದ ಜಾರ್ಜ್ ಇಥಿಯೋಪಿಯಾದ ಪಾಲಕ ಸಂತ.