ಸೋರಿಕೆ ರಿಪೇರಿಯ ಫ್ರಾಂಚೈಸಿ: ಬಿಲ್ಲು ಕಟ್ಟುವವರು ಯಾರು?

ಪ್ರಶ್ನೆ: ತುಮಕೂರಿನ ಶಿರಾ ಗೇಟ್ ಕಡೆ ನನ್ನದೊಂದು ಪೇಂಟ್ ಅಂಗಡಿ ಇದೆ. ಎರಡು ಕಂಪನಿಗಳು ಫ್ರಾಂಚೈಸಿ ಕೊಡುತ್ತೇವೆಂದು ಬಂದಿವೆ. ಒಂದು ತಾರಸಿ, ಬಾತ್‌ರೂಮು, ಸಂಪುಗಳ ವಾಟರ್‌ಪ್ರೂಫಿಂಗ್‌ನದು. ಶುಲ್ಕ 4 ಲಕ್ಷ, ರಾಯಲ್ಟಿ (ಕಂಪನಿಗೆ ಸಲ್ಲುವ ಪಾಲು) ಶೇ 8, ಜಾಹೀರಾತು ನಿಧಿಗೆ ಶೇ 2. ಇನ್ನೊಂದು ಅಮೆರಿಕದ ಮಾದರಿಯ ‘ವಾಟರ್ ಡ್ಯಾಮೇಜ್ ರೆಸ್ಟೊರೇಶನ್’, ಅಂದರೆ ನೀರು ನುಗ್ಗಿದ ಕಟ್ಟಡವನ್ನು ಒಣಗಿಸಿ ಸರಿಪಡಿಸುವುದು. ಶುಲ್ಕ 7 ಲಕ್ಷ, ಜತೆಗೆ 6 ಲಕ್ಷದ ಯಂತ್ರಗಳನ್ನು ಅವರಿಂದಲೇ ಕೊಳ್ಳಬೇಕು. ಯಾವುದನ್ನು ಹಿಡಿಯಲಿ?

ಉತ್ತರ: ಬ್ರ್ಯಾಂಡ್ ನೋಡುವ ಮೊದಲು ಬಿಲ್ಲು ಕಟ್ಟುವವರು ಯಾರು ಎಂದು ನೋಡಿ. ಅಮೆರಿಕದಲ್ಲಿ ಮನೆಗಳು ಮರದ ಚೌಕಟ್ಟು, ಜಿಪ್ಸಂ ಹಲಗೆ, ಕಾರ್ಪೆಟ್‌ನವು. ಪೈಪ್ ಒಡೆದು ನೀರು ನುಗ್ಗಿದರೆ 24ರಿಂದ 48 ಗಂಟೆಯೊಳಗೆ ಒಣಗಿಸಲೇಬೇಕು, ಇಲ್ಲವಾದರೆ ಬೂಷ್ಟು ಹಿಡಿಯುತ್ತದೆ. ಈ ಖರ್ಚಿನ ಬಹುಪಾಲನ್ನು ಅಲ್ಲಿ ವಿಮೆ ಕಂಪನಿ ಕೊಡುತ್ತದೆ. 1967ರಲ್ಲಿ ಸ್ಯಾಕ್ರಮೆಂಟೊದಲ್ಲಿ ಶುರುವಾದ ಸರ್ವ್‌ಪ್ರೊದಂಥ ಸಂಸ್ಥೆಗಳು ಬೆಳೆದದ್ದು ಈ ವಿಮೆ ಹಣದ ಮೇಲೆ. (ಅದು ಹುಟ್ಟಿದ್ದು ಪೇಂಟಿಂಗ್ ವ್ಯವಹಾರವಾಗಿಯೇ ಎಂಬುದು ನಿಮಗೆ ಖುಷಿ ಕೊಡಬಹುದು.)

ತುಮಕೂರಿನ ಮನೆ ಇಟ್ಟಿಗೆ, ಗಾರೆ, ಆರ್‌ಸಿಸಿ ಮೋಲ್ಡ್‌ನದು. ನೆಲ ಗ್ರಾನೈಟ್ ಇಲ್ಲವೇ ಟೈಲ್ಸ್. ನೀರು ನುಗ್ಗಿದರೆ ಬಳಿದು ಹೊರಹಾಕಿ ಫ್ಯಾನ್ ಹಾಕುತ್ತಾರೆ. ಒಣಗಿಸಲು ಯಾರೂ ದುಡ್ಡು ಕೊಡುವುದಿಲ್ಲ. ಸೋರುವುದು ನಿಲ್ಲಬೇಕು ಎಂದಷ್ಟೇ ಮನೆಯವರಿಗೆ ಬೇಕಾಗಿರುವುದು, ಅದಕ್ಕೆ ಹಣ ಬಿಚ್ಚುವುದು ಅವರದೇ ಜೇಬಿನಿಂದ. 2021ರ ಏಪ್ರಿಲ್‌ನಿಂದ ಇರುವ ‘ಭಾರತ್ ಗೃಹ ರಕ್ಷಾ’ ಎಂಬ ಮನೆ ವಿಮೆ ಪಾಲಿಸಿಯಲ್ಲಿ ಪ್ರವಾಹಕ್ಕೂ, ಟ್ಯಾಂಕು ಅಥವಾ ಪೈಪು ಒಡೆದು ಆಗುವ ಹಾನಿಗೂ ಪರಿಹಾರವಿದೆ. ಆದರೆ ವರ್ಷಗಟ್ಟಲೆ ಜಿನುಗಿ ಉದುರಿದ ಪ್ಲಾಸ್ಟರ್ ಅದರಡಿ ಬರುವುದಿಲ್ಲ. ನಿಮಗೆ ಬರುವ ಹತ್ತು ಕರೆಗಳಲ್ಲಿ ಹೆಚ್ಚಿನವು ಇಂಥವೇ.

ಹಾಗಾಗಿ ಮನೆಗಳನ್ನೇ ನಂಬಿದ್ದರೆ ಮೊದಲನೆಯದನ್ನು ಪರಿಶೀಲಿಸಿ, ಎರಡನೆಯದನ್ನು ಬಿಡಿ. ವಸಂತನರಸಾಪುರದ ಕಾರ್ಖಾನೆಗಳು, ಫುಡ್ ಪಾರ್ಕ್, ಬ್ಯಾಂಕ್, ಆಸ್ಪತ್ರೆ, ಸರ್ವರ್ ಕೊಠಡಿ ಇವು ಗಿರಾಕಿಗಳಾಗುವುದಾದರೆ ಮಾತ್ರ ಎರಡನೆಯದಕ್ಕೆ ಅರ್ಥ. ಆದರೆ ಒಪ್ಪಂದದ ‘ಟೆರಿಟರಿ’ (ನಿಮಗೆ ಕೊಟ್ಟ ವ್ಯಾಪ್ತಿ) ಅನುಬಂಧವನ್ನು ಪಿನ್‌ಕೋಡ್ ಸಮೇತ ಓದಿ. ‘ತುಮಕೂರು ಜಿಲ್ಲೆ ಪೂರ್ತಿ ನಿಮ್ಮದು’ ಎಂದು ಬರೆದು, ಎರಡು ಪುಟ ಆಚೆ ‘ಕಾರ್ಪೊರೇಟ್ ಗ್ರಾಹಕರನ್ನು ಕಂಪನಿಯೇ ನೋಡಿಕೊಳ್ಳುತ್ತದೆ’ ಎಂದಿಟ್ಟಿದ್ದರೆ, ದುಡ್ಡಿರುವ ಗಿರಾಕಿ ಅವರಿಗೆ, ಪಾವಗಡದ ತಾರಸಿ ನಿಮಗೆ. ಸುಮಾರು ನೂರು ಕಿ.ಮೀ. ದೂರದ ಪಾವಗಡಕ್ಕೆ ಒಂದು ಸೋರಿಕೆ ನೋಡಲು ಹೋಗಿಬಂದರೆ ದಿನ ಮುಗಿಯುತ್ತದೆ. ಜಿಲ್ಲೆ ದೊಡ್ಡದಿದ್ದಷ್ಟೂ ಲಾಭ ಎನ್ನುವುದು ಸುಳ್ಳು. ತುಮಕೂರು, ಗುಬ್ಬಿ, ತಿಪಟೂರು ಸಾಕು. ಆದರೆ ಅಲ್ಲಿ ಕೈಗಾರಿಕಾ ಪ್ರದೇಶವೂ ನಿಮ್ಮದೇ ಆಗಿರಲಿ.

ಈಗ ಲೆಕ್ಕ. 1,000 ಚದರಡಿ ತಾರಸಿಗೆ ಚದರಡಿಗೆ 70 ರೂಪಾಯಿಯಂತೆ ಬಿಲ್ಲು 70,000 ಎಂದು ಹಿಡಿಯೋಣ. ಸಾಮಾನು 28,000, ಕೂಲಿ 18,000, ಸಾಗಾಟ, ಕಸ ತೆಗೆಸುವುದು 4,000. ಉಳಿದದ್ದು 20,000. ರಾಯಲ್ಟಿ ಮತ್ತು ಜಾಹೀರಾತು ಸೇರಿ ಶೇ 10 ಎಂದರೆ ಕಡಿಮೆಯೆನಿಸುತ್ತದೆ, ಆದರೆ ಅದು ಬಿಲ್ಲಿನ ಮೇಲೆ, 7,000 ಹೋಯಿತು. ವಾರಂಟಿ ಕೆಲಸಕ್ಕೆ ಬಿಲ್ಲಿನ ಶೇ 3ನ್ನಾದರೂ ಎತ್ತಿಡಬೇಕು, 2,100. ಕೈಗೆ ಉಳಿಯುವುದು 10,900. ಬಾಡಿಗೆ, ಸೂಪರ್‌ವೈಸರ್ ಸಂಬಳ, ಗಾಡಿಗೆ ತಿಂಗಳಿಗೆ 60,000 ಬೇಕೆಂದರೆ ಆರು ತಾರಸಿ ಮುಗಿಸಿದ ಮೇಲೆ ನಿಮ್ಮ ಸಂಪಾದನೆ ಶುರು. ನಿಮ್ಮೂರಿನ ದರ ಹಾಕಿ ಇದೇ ಲೆಕ್ಕ ಮಾಡಿ. ರಾಯಲ್ಟಿ ಬಿಲ್ಲಿನ ಮೇಲೋ, ವಸೂಲಾದ ಹಣದ ಮೇಲೋ ಎಂಬುದನ್ನು ಬರಹದಲ್ಲಿ ತೆಗೆದುಕೊಳ್ಳಿ.

ಜಿಎಸ್‌ಟಿಯಲ್ಲೊಂದು ಗುಂಡಿ ಇದೆ. ಅಂಗಡಿ ಕಾಂಪೊಸಿಷನ್ ಯೋಜನೆಯಲ್ಲಿದ್ದರೆ (ಸಣ್ಣ ವ್ಯಾಪಾರಿಗಳು ವಹಿವಾಟಿನ ಮೇಲೆ ಕಡಿಮೆ ದರದ ತೆರಿಗೆ ಕಟ್ಟುವ ಯೋಜನೆ) ಸೇವೆಯ ವಹಿವಾಟು ಒಟ್ಟಿನ ಶೇ 10 ಅಥವಾ 5 ಲಕ್ಷ, ಯಾವುದು ಹೆಚ್ಚೋ ಅಷ್ಟಕ್ಕೆ ಸೀಮಿತ. ಅದೇ ಪ್ಯಾನ್‌ನಲ್ಲಿ ವಾಟರ್‌ಪ್ರೂಫಿಂಗ್ ಶುರುಮಾಡಿದರೆ ಕೆಲವೇ ತಿಂಗಳಲ್ಲಿ ಮಿತಿ ದಾಟುತ್ತೀರಿ. ಕಾಂಪೊಸಿಷನ್‌ನಲ್ಲಿ ಇನ್‌ಪುಟ್ ಕ್ರೆಡಿಟ್ಟೂ (ಕೊಳ್ಳುವಾಗ ಕಟ್ಟಿದ ತೆರಿಗೆಯ ವಜಾ) ಇಲ್ಲ. ರಾಯಲ್ಟಿ ಮೇಲಿನ ಶೇ 18 ತೆರಿಗೆ ನೇರ ನಿಮ್ಮ ತಲೆ ಮೇಲೆ. ಸಹಿಗೆ ಮೊದಲು ಲೆಕ್ಕಪರಿಶೋಧಕರ ಹತ್ತಿರ ಇದನ್ನು ಇತ್ಯರ್ಥ ಮಾಡಿಕೊಳ್ಳಿ.

ಎಲ್ಲಕ್ಕಿಂತ ಹೆಚ್ಚು ಜನ ಮುಗ್ಗರಿಸುವುದು ಮಳೆಗಾಲದ ಲೆಕ್ಕದಲ್ಲಿ. ನಮ್ಮ ಜಿಲ್ಲೆಯಲ್ಲಿ ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಮಳೆ ಜೋರು, ಫೋನೂ ಆಗಲೇ ಬಡಿದುಕೊಳ್ಳುವುದು. ಆದರೆ ತೇವವಿರುವ ಕಾಂಕ್ರೀಟ್ ಮೇಲೆ ಪಿಯು (ಪಾಲಿಯುರೆಥೇನ್) ಕೋಟಿಂಗ್ ನಿಲ್ಲುವುದಿಲ್ಲ. ಒಳಗಿನ ನೀರು ಬಿಸಿಲಿಗೆ ಆವಿಯಾಗಿ ಮೇಲೇಳುವಾಗ ಪದರವನ್ನು ಗುಳ್ಳೆಯೆಬ್ಬಿಸಿ ಕಿತ್ತೊಗೆಯುತ್ತದೆ. ಆದ್ದರಿಂದ ಮಳೆಯಲ್ಲಿ ತಪಾಸಣೆ, ಮುಂಗಡ; ಜನವರಿಯಿಂದ ಮೇವರೆಗೆ ಕೆಲಸ. ‘ತಿಂಗಳಿಗೆ ಕನಿಷ್ಠ ರಾಯಲ್ಟಿ’ ಷರತ್ತಿದ್ದರೆ ಅದನ್ನು ವರ್ಷದ ಲೆಕ್ಕಕ್ಕೆ ಬದಲಾಯಿಸಲು ಕೇಳಿ. ಒಪ್ಪದ ಕಂಪನಿಗೆ ಈ ಕಸುಬು ಗೊತ್ತಿಲ್ಲ ಎಂದೇ ತಿಳಿಯಿರಿ.

ಕಸುಬು ಗೊತ್ತಿದೆಯೇ ಎಂದು ಅವರ ತರಬೇತಿಯಲ್ಲೂ ಕಾಣುತ್ತದೆ. ಯಾವ ಡಬ್ಬಿ ಹಚ್ಚಬೇಕೆಂದು ಕಲಿಸುವವರು ಬಹಳ; ನೀರು ಎಲ್ಲಿಂದ ಬರುತ್ತಿದೆ ಎಂದು ಕಂಡುಹಿಡಿಯಲು ಕಲಿಸುವವರು ಕಡಿಮೆ. ವಾಟ (ನೀರು ಹರಿಯುವ ಇಳಿಜಾರು) ನೂರಕ್ಕೆ ಒಂದಾದರೂ ಇದೆಯೇ, ಮಳೆನೀರಿನ ಪೈಪಿನ ಬಾಯಿ ತಾರಸಿಗಿಂತ ತಗ್ಗಿನಲ್ಲಿದೆಯೇ, ಪ್ಯಾರಾಪೆಟ್ ಮತ್ತು ಮೋಲ್ಡ್ ಸೇರುವ ಮೂಲೆಗೆ ಗಾರೆಯ ಓರೆ ಕೊಟ್ಟು ಕೋಟಿಂಗನ್ನು ಗೋಡೆಗೆ ಕನಿಷ್ಠ 150 ಮಿ.ಮೀ. ಏರಿಸಿದ್ದಾರೆಯೇ, ಕೆಲಸದ ನಂತರ ತಾರಸಿಯಲ್ಲಿ 48 ಗಂಟೆ ನೀರು ಕಟ್ಟಿ ಪರೀಕ್ಷಿಸುತ್ತಾರೆಯೇ? ನೆಲದಿಂದ ಎರಡು ಮೂರಡಿವರೆಗೆ ಗೋಡೆಗೆ ಬಿಳಿ ಉಪ್ಪು ಹಿಡಿದಿದ್ದರೆ ಅದು ಸಾಮಾನ್ಯವಾಗಿ ತಳಪಾಯದಿಂದ ಏರುವ ತೇವ; ಅದಕ್ಕೆ ತಾರಸಿಯ ಮದ್ದು ಹಚ್ಚಿ ಪ್ರಯೋಜನವಿಲ್ಲ. ಇವನ್ನೆಲ್ಲ ಸೈಟ್‌ನಲ್ಲಿ ನಿಂತು ತೋರಿಸುವ ತರಬೇತಿ ಎಷ್ಟು ದಿನ ಎಂದು ಕೇಳಿ. ಹೋಟೆಲಿನ ಸಭಾಂಗಣದಲ್ಲಿ ಎರಡು ದಿನ ಎಂದರೆ ಅದು ಮಾರಾಟದ ತರಬೇತಿ.

ಕಾಗದಪತ್ರಗಳೂ ಇರಲಿ. ಕಂಪನಿ ವ್ಯವಹಾರಗಳ ಸಚಿವಾಲಯದ ಪೋರ್ಟಲ್‌ನಲ್ಲಿ ಸಣ್ಣ ಶುಲ್ಕ ಕಟ್ಟಿ ಮೂರು ವರ್ಷದ ಲೆಕ್ಕಪತ್ರ ತೆಗೆಸಿ. ಆದಾಯದಲ್ಲಿ ಫ್ರಾಂಚೈಸಿ ಶುಲ್ಕವೇ ಹೆಚ್ಚು, ರಾಯಲ್ಟಿ ಕಡಿಮೆ ಎಂದಿದ್ದರೆ ಅವರ ದುಡಿಮೆ ಹೊಸಬರನ್ನು ಸೇರಿಸುವುದರಲ್ಲಿದೆ. ಟ್ರೇಡ್‌ಮಾರ್ಕನ್ನು ಸಾರ್ವಜನಿಕ ಹುಡುಕಾಟದಲ್ಲಿ ನೋಡಿ. ಕಟ್ಟಡ ದುರಸ್ತಿ ಸೇವೆ 37ನೇ ವರ್ಗ. ಪೇಂಟಿನ 2ನೇ ವರ್ಗದಲ್ಲಷ್ಟೇ ನೋಂದಣಿಯಿದ್ದರೆ ನೀವು ದುಡ್ಡು ಕೊಡುತ್ತಿರುವ ಸೇವೆಯ ಹೆಸರಿಗೆ ರಕ್ಷಣೆ ತೆಳು. ಅಮೆರಿಕದಲ್ಲಿ ಸಹಿಗೆ ಕನಿಷ್ಠ 14 ದಿನ ಮೊದಲು 23 ಅಂಶಗಳ ಮಾಹಿತಿ ಪತ್ರ ಕೊಡಬೇಕೆಂಬ ನಿಯಮವಿದೆ, ಮುಚ್ಚಿಹೋದ ಶಾಖೆಗಳ ವಿವರವೂ ಅದರಲ್ಲಿರುತ್ತದೆ. ನಮ್ಮಲ್ಲಿ ಪ್ರತ್ಯೇಕ ಫ್ರಾಂಚೈಸಿ ಕಾನೂನಿಲ್ಲ, ಕೇಳಿ ಪಡೆಯಬೇಕು. ಬಿಟ್ಟುಹೋದವರ ಫೋನ್ ನಂಬರ್ ಕೇಳಿ. ಸಿಕ್ಕರೆ ಅವರಿಗೆ ಒಂದೇ ಪ್ರಶ್ನೆ: ಮೂರನೇ ವರ್ಷ ಮತ್ತೆ ಸೋರಿದ ತಾರಸಿಯ ಖರ್ಚು ಯಾರು ಕೊಟ್ಟರು?

ಪ್ರಶ್ನೆ: ನಾನು ರೆಸ್ಟೊರೇಶನ್ ಫ್ರಾಂಚೈಸಿಯನ್ನೇ ತೆಗೆದುಕೊಳ್ಳುವುದೆಂದಿದ್ದೇನೆ, ವಸಂತನರಸಾಪುರದಲ್ಲಿ ಪರಿಚಯವಿದೆ. ಆರು ಡಿಹ್ಯುಮಿಡಿಫೈಯರ್ (ಗಾಳಿಯ ತೇವ ತೆಗೆಯುವ ಯಂತ್ರ), ಹನ್ನೆರಡು ಏರ್ ಮೂವರ್ (ಒದ್ದೆ ನೆಲ, ಗೋಡೆಗೆ ಗಾಳಿ ಬೀಸುವ ಯಂತ್ರ) ಕಡ್ಡಾಯ ಎನ್ನುತ್ತಾರೆ. ಅಷ್ಟು ಬೇಕೇ?

ಉತ್ತರ: ಮೊದಲ ವರ್ಷಕ್ಕೆ ಬೇಡ. ದಿನಕ್ಕೆ 50 ಲೀಟರ್ ತೆಗೆಯುವ ಡಿಹ್ಯುಮಿಡಿಫೈಯರ್ ಒಂದು ಅಥವಾ ಎರಡು, ಏರ್ ಮೂವರ್ ನಾಲ್ಕು, ಒಂದು ಎಚ್‌ಪಿ ಸಬ್‌ಮರ್ಸಿಬಲ್ ಪಂಪು, ನೀರೆಳೆಯುವ ವ್ಯಾಕ್ಯೂಮ್, ತೇವಮಾಪಕ, ತಾಪ ಮತ್ತು ಆರ್ದ್ರತೆ ತೋರಿಸುವ ಮೀಟರ್. ದೊಡ್ಡ ಕೆಲಸ ಬಂದಾಗ ಉಳಿದದ್ದನ್ನು ಬೆಂಗಳೂರಿನಿಂದ ಬಾಡಿಗೆಗೆ ತರಿಸಿ; 70 ಕಿ.ಮೀ. ಅಷ್ಟೆ. ಯಂತ್ರಗಳನ್ನು ಹೊರಗಿನಿಂದ ಕೊಳ್ಳಬಹುದೇ, ಒಪ್ಪಂದ ಮುಗಿದರೆ ಅವರು ವಾಪಸ್ ಕೊಳ್ಳುತ್ತಾರೆಯೇ, ಎಷ್ಟಕ್ಕೆ ಎಂದು ಬರೆಸಿಕೊಳ್ಳಿ.

ಕರೆಂಟ್ ಹೋದರೆ ಕೆಲಸ ನಿಲ್ಲುತ್ತದೆ, ಆರ್ದ್ರತೆ ಮತ್ತೆ ಏರುತ್ತದೆ. ಆದ್ದರಿಂದ 5 ಕೆವಿಎ ಜನರೇಟರ್ ಗೊತ್ತುಮಾಡಿಕೊಂಡಿರಿ. ಕಿಟಕಿ ತೆರೆದಿಟ್ಟು ಡಿಹ್ಯುಮಿಡಿಫೈಯರ್ ಓಡಿಸುವುದು ಹೊಸಬರ ತಪ್ಪು, ಅದು ಊರಿನ ಗಾಳಿಯನ್ನೆಲ್ಲ ಒಣಗಿಸಲು ಹೊರಟಂತೆ. ತೇವಮಾಪಕ ಕಾಂಕ್ರೀಟಿನಲ್ಲಿ ತೋರಿಸುವುದು ಹೋಲಿಕೆಯ ಅಂಕಿ. ಅದೇ ಕಟ್ಟಡದ ಒಣಗೋಡೆಯ ಅಂಕಿಯನ್ನು ಮೊದಲು ಬರೆದಿಟ್ಟು, ಒದ್ದೆ ಗೋಡೆ ಅದರ ಹತ್ತಿರ ಬರುವವರೆಗೆ ಪ್ರತಿದಿನ ದಾಖಲಿಸಿ. ವಿಮೆ ಸರ್ವೇಯರ್ ಕೇಳುವುದು ಈ ದಿನಚರಿಯನ್ನು, ಕೆಲಸಕ್ಕೆ ಮುಂಚಿನ ಫೋಟೊಗಳನ್ನು. ಥರ್ಮಲ್ ಕ್ಯಾಮೆರಾ ತೋರಿಸುವುದು ಉಷ್ಣಾಂಶದ ವ್ಯತ್ಯಾಸವನ್ನು, ನೀರನ್ನಲ್ಲ. ಅದರ ಚಿತ್ರವೊಂದನ್ನೇ ನಂಬಿ ಗೋಡೆ ಒಡೆಯಬೇಡಿ.

ನೀರು ಯಾವುದೆಂಬುದೂ ಮುಖ್ಯ. ಈ ಕಸುಬಿಗೆ ಮಾನದಂಡ ರೂಪಿಸುವ ಐಐಸಿಆರ್‌ಸಿ ಎಂಬ ಅಮೆರಿಕದ ಸಂಸ್ಥೆಯ ಎಸ್500 ನೀರನ್ನು ಮೂರು ವರ್ಗ ಮಾಡುತ್ತದೆ: ನಲ್ಲಿಯ ಶುದ್ಧ ನೀರು, ವಾಷಿಂಗ್ ಮೆಷಿನ್ನಿನಂಥ ಬಳಸಿದ ನೀರು, ಚರಂಡಿ ಅಥವಾ ಪ್ರವಾಹದ ನೀರು. ಮೂರನೆಯದರಲ್ಲಿ ನೆನೆದ ಜಿಪ್ಸಂ, ಹಾಸಿಗೆಗಳನ್ನು ಒಣಗಿಸಿ ಉಳಿಸಲು ಹೋಗಬೇಡಿ, ಬಿಸಾಡಿ. ಸೆಪ್ಟಿಕ್ ಟ್ಯಾಂಕ್ ಅಥವಾ ಮ್ಯಾನ್‌ಹೋಲ್ ಒಳಗೆ ಯಾವ ಕಾರಣಕ್ಕೂ ಆಳನ್ನು ಇಳಿಸುವಂತಿಲ್ಲ. ರಕ್ಷಣಾ ಸಾಧನವಿಲ್ಲದೆ ಇಳಿಸಿದರೆ, ಮಲ ಹೊರುವ ಪದ್ಧತಿಯನ್ನು ನಿಷೇಧಿಸಿದ 2013ರ ಕಾಯ್ದೆಯಡಿ ಅದು ಜೈಲಿಗೆ ಹೋಗುವ ಅಪರಾಧ. ಯಂತ್ರವಿರುವ ಗಾಡಿ ಕರೆಸಿ.

ಪ್ರಶ್ನೆ: ಒಪ್ಪಂದ ಮುಗಿದ ಮೇಲೆ ಮೂರು ವರ್ಷ ಇದೇ ಕೆಲಸ ಮಾಡಬಾರದು ಎಂಬ ಷರತ್ತಿದೆ. ಸಹಿ ಹಾಕಬಹುದೇ?

ಉತ್ತರ: 1872ರ ಕರಾರು ಕಾಯ್ದೆಯ 27ನೇ ಕಲಂ ಪ್ರಕಾರ ಕಸುಬಿಗೆ ಅಡ್ಡಿಮಾಡುವ ಕರಾರು ಅಸಿಂಧು, ಹಾಗಾಗಿ ಮುಗಿದ ನಂತರದ ನಿರ್ಬಂಧ ಸಾಮಾನ್ಯವಾಗಿ ನಿಲ್ಲುವುದಿಲ್ಲ. ಒಪ್ಪಂದ ಜಾರಿಯಲ್ಲಿರುವಾಗಿನ ನಿರ್ಬಂಧ ಬೇರೆ ಮಾತು. ಕೋಕಾ ಕೋಲಾ ಮತ್ತು ಗುಜರಾತ್ ಬಾಟ್ಲಿಂಗ್ ಪ್ರಕರಣದಲ್ಲಿ 1995ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿದಿದೆ. ಮುಗಿದ ನಂತರದ ಷರತ್ತು ನಿಲ್ಲದಿದ್ದರೂ ಮೂರು ವರ್ಷದ ಆ ಸಾಲನ್ನು ಹೊಡೆದುಹಾಕಿಸಿ. ಮಧ್ಯಸ್ಥಿಕೆಯ ಸ್ಥಳ ದೆಹಲಿ ಅಥವಾ ಮುಂಬೈ ಎಂದಿದ್ದರೆ ಗೆಲ್ಲುವ ಕೇಸಿಗೂ ನಿಮ್ಮ ಗಂಟು ಕರಗುತ್ತದೆ. ಬೆಂಗಳೂರು ಎಂದು ಬರೆಸಿ. ಇನ್ನೊಂದು, ಗಿರಾಕಿಗಳು ಕರೆಯುವ ಮೊಬೈಲ್ ನಂಬರ್ ಮತ್ತು ಗೂಗಲ್ ಮ್ಯಾಪ್‌ನ ಅಂಗಡಿ ಪುಟ ಯಾರ ಹೆಸರಿನಲ್ಲಿರುತ್ತವೆ ಎಂದು ಮೊದಲೇ ತೀರ್ಮಾನಿಸಿ. ಕಂಪನಿಯ ಹೆಸರಿನಲ್ಲಿದ್ದರೆ ಷರತ್ತು ಕೋರ್ಟಿನಲ್ಲಿ ಬಿದ್ದುಹೋದರೂ ಐದು ವರ್ಷ ದುಡಿದು ಗಳಿಸಿದ ಗಿರಾಕಿಗಳ ಕರೆ ಹೋಗುವುದು ನಿಮ್ಮ ನಂತರ ಬಂದವರಿಗೆ.