ಚಿಕ್ಕ ಮಗುವಿನ ತಲೆಗೆ ಜೋರು ಪೆಟ್ಟಾದರೆ ಅದರ ಪರಿಣಾಮ ಎಷ್ಟು ವರ್ಷ ಉಳಿಯುತ್ತದೆ?

ಎರಡೂವರೆ ವರ್ಷದ ನಿಮ್ಮ ಮಗಳು ಹೊಸನಗರದ ರಸ್ತೆಯಲ್ಲಿ ಬೈಕಿನಿಂದ ಬಿದ್ದು ಆರು ದಿನ ಐಸಿಯುವಿನಲ್ಲಿದ್ದಳು, ಮೂರು ತಿಂಗಳಾದ ಮೇಲೆ ಈಗ ಮೊದಲಿನಂತೆಯೇ ಓಡಾಡುತ್ತಾಳೆ, ಮಾತನಾಡುತ್ತಾಳೆ ಎಂದು ಬರೆದಿದ್ದೀರಿ. ‘ಚಿಕ್ಕ ಮಕ್ಕಳ ಮಿದುಳು ಬೇಗ ಸರಿಹೋಗುತ್ತದೆ, ಇನ್ನು ಚಿಂತೆ ಬೇಡ’ ಎಂದು ಎಲ್ಲರೂ ಹೇಳುವುದು ನಿಜವೇ ಎಂದು ಕೇಳಿದ್ದೀರಿ. ನಾನು ವೈದ್ಯನಲ್ಲ, ತೀರ್ಥಹಳ್ಳಿ ತಾಲ್ಲೂಕಿನ ಅಡಿಕೆ ಬೆಳೆಗಾರ. ನನ್ನ ಮಗ ನಾಲ್ಕನೆಯ ವಯಸ್ಸಿನಲ್ಲಿ ಅಡಿಕೆ ಒಣಗಿಸುವ ಚಪ್ಪರದಿಂದ ಅಂಗಳದ ಕಲ್ಲಿನ ಮೇಲೆ ಬಿದ್ದ. ಈಗ ಅವನಿಗೆ 17. ಈ 13 ವರ್ಷಗಳಲ್ಲಿ ವೈದ್ಯರನ್ನು ಕೇಳಿ, ಓದಿ, ಕಣ್ಣಾರೆ ಕಂಡು ತಿಳಿದುಕೊಂಡದ್ದನ್ನು ಬರೆಯುತ್ತೇನೆ.

ಆ ಮಾತು ಅರ್ಧ ಮಾತ್ರ ನಿಜ. 1930ರ ದಶಕದಲ್ಲಿ ಮಾರ್ಗರೆಟ್ ಕೆನಾರ್ಡ್ ಎಂಬ ವಿಜ್ಞಾನಿ ಕೋತಿಗಳ ಮಿದುಳಿನಲ್ಲಿ ಚಲನೆಗೆ ಸಂಬಂಧಿಸಿದ ಭಾಗಕ್ಕೆ ಗಾಯ ಮಾಡಿ ನೋಡಿದಾಗ, ದೊಡ್ಡ ಕೋತಿಗಳಿಗಿಂತ ಮರಿಗಳು ಚೆನ್ನಾಗಿ ಚೇತರಿಸಿಕೊಂಡವು. ಎಳೆಯ ಮಿದುಳು ಹೆಚ್ಚು ಬಾಗುತ್ತದೆ, ಹೆಚ್ಚು ಕೂಡಿಕೊಳ್ಳುತ್ತದೆ ಎಂಬ ನಂಬಿಕೆಗೆ ಅಲ್ಲಿಂದ ಬಲ ಬಂತು. ಆದರೆ ಅದು ಒಂದು ಜಾಗಕ್ಕೆ ಸೀಮಿತವಾದ ಗಾಯ. ಬೈಕಿನಿಂದಲೋ ಚಪ್ಪರದಿಂದಲೋ ಬಿದ್ದಾಗ ಇಡೀ ಮಿದುಳು ತಲೆಬುರುಡೆಯೊಳಗೆ ಅಲುಗಿ, ಒಂದು ಭಾಗವನ್ನು ಇನ್ನೊಂದಕ್ಕೆ ಜೋಡಿಸುವ ನರತಂತುಗಳು ಅಲ್ಲಲ್ಲಿ ಎಳೆದು ಹರಿಯಬಹುದು. ಹಾಗಾದಾಗ ಕೆಲಸ ವಹಿಸಿಕೊಳ್ಳಲು ಪೆಟ್ಟು ತಗುಲದ ಪಕ್ಕದ ಭಾಗವೇ ಇಲ್ಲದೆ ಹೋಗಬಹುದು. ಜೋರು ಪೆಟ್ಟಿನ ವಿಷಯದಲ್ಲಿ ತೀರ ಚಿಕ್ಕ ವಯಸ್ಸು ರಕ್ಷಣೆಯಲ್ಲ, ಅಪಾಯವೇ ಹೆಚ್ಚು ಎಂಬುದು ಈಗಿನ ತಿಳಿವಳಿಕೆ.

ಇದಕ್ಕೆ ಕಾರಣ ಸರಳವಾಗಿದೆ. ದೊಡ್ಡವರು ಪೆಟ್ಟು ತಿನ್ನುವ ಹೊತ್ತಿಗೆ ಓದು, ಲೆಕ್ಕ, ವ್ಯವಹಾರ ಎಲ್ಲವನ್ನೂ ಕಲಿತಿರುತ್ತಾರೆ. ಎರಡೂವರೆ ವರ್ಷದ ಮಗು ಕಲಿತಿರುವುದು ನಡೆಯುವುದು ಮತ್ತು ನಾಲ್ಕು ಮಾತು. ಅವು ಮರಳಿ ಬಂದಾಗ ನಮಗೆ ಎಲ್ಲವೂ ಮರಳಿ ಬಂದಂತೆ ಕಾಣುತ್ತದೆ. ಗಮನವಿಟ್ಟು ಕೂರುವುದು, ಸಿಟ್ಟನ್ನು ತಡೆದುಕೊಳ್ಳುವುದು, ಮುಂದಾಲೋಚನೆ ಮಾಡುವುದು, ಎರಡು ಮೂರು ಸಂಗತಿಗಳನ್ನು ಒಟ್ಟಿಗೆ ನೆನಪಿನಲ್ಲಿ ಹಿಡಿದುಕೊಳ್ಳುವುದು, ಇವುಗಳನ್ನು ನೋಡಿಕೊಳ್ಳುವ ಮಿದುಳಿನ ಮುಂಭಾಗವಂತೂ ಇಪ್ಪತ್ತು ದಾಟಿದ ಮೇಲೂ ಬೆಳೆಯುತ್ತಿರುತ್ತದೆ. ಆ ಕೌಶಲಗಳ ಅಗತ್ಯ ಬೀಳುವವರೆಗೆ ಅವುಗಳ ಕೊರತೆ ಯಾರಿಗೂ ಕಾಣುವುದಿಲ್ಲ.

ನಮ್ಮ ಮನೆಯಲ್ಲಿ ಅದು ಕಂಡದ್ದು ನಾಲ್ಕನೆಯ ತರಗತಿಯಲ್ಲಿ. ಅಲ್ಲಿಯವರೆಗೆ ಅಕ್ಷರ, ಮಗ್ಗಿ, ಪದ್ಯ ಎಲ್ಲವೂ ಸರಾಗವಾಗಿಯೇ ನಡೆದಿತ್ತು. ಆಮೇಲೆ ಎರಡು ಹಂತದ ಲೆಕ್ಕ ಬಂದಾಗ ಮೊದಲ ಹಂತ ಮಾಡಿ ಸುಮ್ಮನೆ ಕೂರುತ್ತಿದ್ದ. ‘ಕೊಟ್ಟಿಗೆಗೆ ಹೋಗಿ ಹುಲ್ಲು ಹಾಕು, ಬರುವಾಗ ಎರಡು ತೆಂಗಿನಕಾಯಿ ತಾ, ಬಾಗಿಲು ಹಾಕಿ ಬಾ’ ಎಂದರೆ ಹುಲ್ಲು ಹಾಕಿ ಬರಿಗೈಯಲ್ಲಿ ಬರುತ್ತಿದ್ದ, ಬಾಗಿಲು ತೆರೆದೇ ಇರುತ್ತಿತ್ತು. ಶಾಲೆಯಲ್ಲಿ ಅವನಿಗೆ ಸೋಮಾರಿ ಎಂಬ ಹೆಸರು ಬಿತ್ತು. ಶಿಕ್ಷಕರನ್ನು ದೂರಿ ಪ್ರಯೋಜನವಿಲ್ಲ, ಆರು ವರ್ಷ ಹಿಂದಿನ ಪೆಟ್ಟಿಗೂ ಇದಕ್ಕೂ ಸಂಬಂಧವಿದೆ ಎಂದು ನನಗೇ ಹೊಳೆದಿರಲಿಲ್ಲ, ನಾನೂ ಬೈದಿದ್ದೇನೆ. ಕೊನೆಗೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಾನಸಿಕ ಸಾಮರ್ಥ್ಯದ ವಿವರವಾದ ಪರೀಕ್ಷೆ ಮಾಡಿದಾಗ, ಬುದ್ಧಿ ಸಾಧಾರಣ ಮಟ್ಟದಲ್ಲೇ ಇದೆ, ಆದರೆ ಗಮನ ಮತ್ತು ಗ್ರಹಿಕೆಯ ವೇಗ ವಯಸ್ಸಿಗೆ ತಕ್ಕಷ್ಟಿಲ್ಲ ಎಂದು ತಿಳಿಯಿತು.

ಎಲ್ಲ ಪೆಟ್ಟೂ ಹೀಗಲ್ಲ. ನಿಮ್ಮ ಡಿಸ್ಚಾರ್ಜ್ ಪತ್ರದಲ್ಲಿ ಜಿಸಿಎಸ್ ಎಂಬ ಅಂಕೆ, ಅಂದರೆ ಪೆಟ್ಟಾದ ಮಗುವಿಗೆ ಎಚ್ಚರ ಎಷ್ಟಿತ್ತು ಎಂಬುದರ ಅಳತೆ, ಇದೆಯೇ ನೋಡಿ. 1974ರಲ್ಲಿ ಗ್ಲಾಸ್ಗೋ ನಗರದ ಇಬ್ಬರು ವೈದ್ಯರು ರೂಪಿಸಿದ ಈ ಅಳತೆಯಲ್ಲಿ 13ರಿಂದ 15 ಇದ್ದರೆ ಸೌಮ್ಯ, 9ರಿಂದ 12 ಮಧ್ಯಮ, 8 ಅಥವಾ ಅದಕ್ಕಿಂತ ಕಡಿಮೆ ಇದ್ದರೆ ತೀವ್ರ ಎಂದು ಲೆಕ್ಕ. ಸೌಮ್ಯ ಪೆಟ್ಟಿನ ಮಕ್ಕಳಲ್ಲಿ ಹೆಚ್ಚಿನವರು ಕೆಲವು ವಾರಗಳಲ್ಲಿ ಪೂರ್ತಿ ಚೇತರಿಸಿಕೊಳ್ಳುತ್ತಾರೆ. ನನ್ನ ಮಗನ ಪತ್ರದಲ್ಲಿ 8 ಎಂದಿತ್ತು. ಆಸ್ಟ್ರೇಲಿಯಾದ ಮೆಲ್ಬರ್ನ್‌ನಲ್ಲಿ 2ರಿಂದ 7 ವರ್ಷದೊಳಗೆ ಪೆಟ್ಟು ತಿಂದ ಮಕ್ಕಳನ್ನು ಹತ್ತು ವರ್ಷ ಗಮನಿಸಿ 2012ರಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. ತೀವ್ರ ಪೆಟ್ಟಿನ ಮಕ್ಕಳು ಓರಗೆಯವರಿಗಿಂತ ಹಿಂದುಳಿದದ್ದು ನಿಜ, ಆದರೆ ಮೊದಲ ಕೆಲವು ವರ್ಷಗಳ ನಂತರ ಆ ಅಂತರ ಬೆಳೆಯುತ್ತಲೇ ಹೋಗಲಿಲ್ಲ, ಅವರೂ ತಮ್ಮ ವೇಗದಲ್ಲಿ ಕಲಿಯುತ್ತಾ ಬಂದರು. ಇದನ್ನು ಓದಿದ ರಾತ್ರಿ ನನಗೆ ಬಹಳ ದಿನಗಳ ನಂತರ ನಿದ್ದೆ ಬಂತು.

ಇನ್ನೊಂದು ವಿಷಯ, ನನ್ನ ಮಟ್ಟಿಗೆ ಇದೇ ಮುಖ್ಯವಾದದ್ದು. ಪೆಟ್ಟಿನ ತೀವ್ರತೆಯ ಜೊತೆಗೆ ಮನೆಯ ವಾತಾವರಣವೂ ಮಗುವಿನ ಮುಂದಿನ ಸ್ಥಿತಿಯನ್ನು ನಿರ್ಧರಿಸುತ್ತದೆ ಎಂದು ಇಂತಹ ಅಧ್ಯಯನಗಳು ಮತ್ತೆ ಮತ್ತೆ ತೋರಿಸಿವೆ, ಅದರಲ್ಲೂ ನಡವಳಿಕೆಯ ವಿಷಯದಲ್ಲಿ. ನಮ್ಮಲ್ಲಿ ಅಜ್ಜಿ ‘ಪಾಪ, ತಲೆಗೆ ಪೆಟ್ಟಾದ ಮಗು’ ಎಂದು ಏನನ್ನೂ ಮಾಡಲು ಬಿಡುತ್ತಿರಲಿಲ್ಲ, ನಾನು ಗದರುತ್ತಿದ್ದೆ, ಎರಡೂ ತಪ್ಪು. ಒಂದು ಸಲಕ್ಕೆ ಒಂದೇ ಕೆಲಸ ಹೇಳುವುದು, ಅದು ಮುಗಿದ ಮೇಲೆ ಇನ್ನೊಂದು ಹೇಳುವುದು, ಊಟ ನಿದ್ದೆಗಳ ಹೊತ್ತು ತಪ್ಪಿಸದಿರುವುದು, ದಣಿದಾಗ ಓದಿಸದಿರುವುದು, ಇಷ್ಟನ್ನು ರೂಢಿ ಮಾಡಿಕೊಂಡ ಮೇಲೆ ಅವನ ಸಿಟ್ಟೂ ನಮ್ಮ ಸಿಟ್ಟೂ ಇಳಿಯಿತು.

ದೇಹದ ಕಡೆಗೂ ಕಣ್ಣಿಟ್ಟಿರಿ. ತೀವ್ರ ಪೆಟ್ಟಾದ ಮಕ್ಕಳಲ್ಲಿ ತಿಂಗಳುಗಳ, ಕೆಲವೊಮ್ಮೆ ವರ್ಷಗಳ ನಂತರ ಫಿಟ್ಸ್ ಕಾಣಿಸಿಕೊಳ್ಳಬಹುದು. ಕೈಕಾಲು ಸೆಳೆತವಷ್ಟೇ ಅಲ್ಲ, ಕ್ಷಣಕಾಲ ಕಣ್ಣು ನೆಟ್ಟು ಕರೆದರೂ ಓಗೊಡದೆ ನಿಲ್ಲುವುದೂ ಫಿಟ್ಸ್ ಆಗಿರಬಹುದು. ಬೆಳವಣಿಗೆಯನ್ನು ನಿಯಂತ್ರಿಸುವ, ಮಿದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಗೆ ಅಥವಾ ಅದರ ಸುತ್ತಲಿನ ಭಾಗಕ್ಕೆ ಪೆಟ್ಟಾಗಿದ್ದರೆ ಎತ್ತರ ಬೆಳೆಯುವುದು ನಿಧಾನವಾಗಬಹುದು, ಹೆಣ್ಣುಮಕ್ಕಳು ವಯಸ್ಸಿಗೆ ಮೊದಲೇ ದೊಡ್ಡವರಾಗಬಹುದು. ಆದ್ದರಿಂದ ಎತ್ತರ ತೂಕವನ್ನು ವರ್ಷಕ್ಕೆರಡು ಸಲ ಬರೆದಿಡಿ.

ಅಂಗನವಾಡಿಗೆ ಸೇರಿಸುವಾಗಲೇ ಪೆಟ್ಟಿನ ವಿಷಯ ತಿಳಿಸಿ, ಶಾಲೆ ಬದಲಾದಾಗಲೆಲ್ಲ ಮತ್ತೆ ಹೇಳಿ. ಬೆಳವಣಿಗೆಯಲ್ಲಿ ಹಿಂದುಳಿದ ಮಕ್ಕಳ ತಪಾಸಣೆಗೆ 2013ರಿಂದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮವಿದೆ. ಅಂಗನವಾಡಿಗೆ ಬರುವ ಅದರ ತಂಡಕ್ಕೂ ಇದನ್ನು ತಿಳಿಸಿ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 21 ಬಗೆಗಳಲ್ಲಿ ತಲೆಪೆಟ್ಟು ಎಂಬ ಹೆಸರಿಲ್ಲ, ಆದರೆ ಅದರಿಂದ ಉಂಟಾಗುವ ಕಲಿಕೆಯ ಅಥವಾ ಮಾತಿನ ತೊಂದರೆ ಆ ಬಗೆಗಳಲ್ಲಿ ಒಂದಕ್ಕೆ ಸೇರಬಹುದು. ಎಸ್‌ಎಸ್‌ಎಲ್‌ಸಿಯಲ್ಲಿ ಹೆಚ್ಚುವರಿ ಸಮಯ ಕೇಳುವುದಕ್ಕೂ ಪ್ರಮಾಣಪತ್ರ ಬೇಕು, ಪ್ರಮಾಣಪತ್ರಕ್ಕೆ ಹಳೆಯ ದಾಖಲೆ ಬೇಕು. ನಮ್ಮ ಸಿಟಿ ಸ್ಕ್ಯಾನ್ ಫಿಲ್ಮುಗಳನ್ನು ಅಟ್ಟದ ಪೆಟ್ಟಿಗೆಯಲ್ಲಿ ಇಟ್ಟಿದ್ದೆವು. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಬೂಷ್ಟು ಹಿಡಿದು ಒಂದಕ್ಕೊಂದು ಅಂಟಿಕೊಂಡಿದ್ದವು. ನೀವು ಈ ಸಲದ ಮಳೆ ಹಿಡಿಯುವ ಮೊದಲೇ ಎಲ್ಲ ಕಾಗದಗಳ ಫೋಟೊ ತೆಗೆದು ಎರಡು ಕಡೆ ಇಟ್ಟುಕೊಳ್ಳಿ.